ಜಯದೇವಪ್ಪನ ಓಟ, ಗೌರಿಯ ಗಂಟೆ

ಮಾವಿನಕೊಪ್ಪದ ಟೈಲರ್ ಜಯದೇವಪ್ಪ ದಿನಕ್ಕೆ ಕಡಿಮೆಯೆಂದರೂ ನಾಲ್ಕು ಸಾವಿರ ಸಲ ಸೂಜಿ ಚುಚ್ಚುತ್ತಿದ್ದ. ಬಟ್ಟೆಗೆ. ಆದರೆ ನಲ್ಲೂರಿನ ಡಾಕ್ಟರು ಅವನ ತೋಳಿಗೆಂದು ಒಂದೇ ಒಂದು ಸೂಜಿ ಎತ್ತಿ ತೋರಿಸಿದ ದಿನ ಅವನು ಕೂತಿದ್ದ ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದ. ಕುರ್ಚಿಯ ಒಂದು ಕಾಲು ಮುರಿಯಿತು. ಜಯದೇವಪ್ಪನಿಗೆ ಏನೂ ಆಗಲಿಲ್ಲ. ಬೀಳುವ ಕಡೆಯಲ್ಲೆಲ್ಲ ಅವನಿಗೆ ಮೆತ್ತನೆಯ ಮೈ ಇತ್ತು.

"ಸಕ್ಕರೆ ಬಂದಿದೆ ನಿಮಗೆ," ಎಂದರು ಡಾಕ್ಟರು. "ಒಂದು ತಿಂಗಳು ಟೈಮ್ ಕೊಡ್ತೀನಿ. ಸಿಹಿ ಮುಟ್ಟಬೇಡಿ. ದಿನಾ ಓಡ್ರಿ. ಬೀದೀಲಿ ಓಡಿದ್ರೆ ಬೇಜಾರಾಗಿ ಬಿಟ್ಟುಬಿಡ್ತೀರಿ, ಗುಡ್ಡ, ನೀರು, ಮರ ಇರೋ ಚೆಂದದ ದಾರಿ ನೋಡ್ಕೊಂಡು ಓಡ್ರಿ. ಸಕ್ಕರೆ ಇಳೀಲಿಲ್ಲ ಅಂದ್ರೆ ದಿನಾ ಸೂಜಿ."

ಅದು ದೀಪಾವಳಿಯ ತಿಂಗಳು. ಊರಿನವರ ಬಟ್ಟೆಯೆಲ್ಲ ಜಯದೇವಪ್ಪನ ಮಿಷನ್ನಿನ ಪಕ್ಕದಲ್ಲಿ ರಾಶಿ ಬಿದ್ದಿತ್ತು. ಇವತ್ತು ಓಡೋಣ, ನಾಳೆ ಓಡೋಣ ಎಂದುಕೊಂಡು ಅವನು ಹೊಲಿಯುತ್ತ ಕೂತ. ಕೊನೆಯ ಗುಂಡಿ ಹಾಕಿ ತಲೆ ಎತ್ತಿದಾಗ ಶನಿವಾರ ಸಂಜೆಯಾಗಿತ್ತು. ಭಾನುವಾರ ಅಮಾವಾಸ್ಯೆ. ಸೋಮವಾರ ಡಾಕ್ಟರು.

ಜಯದೇವಪ್ಪ ಹೆದರಲಿಲ್ಲ. ತಿಂಗಳ ಓಟವನ್ನೆಲ್ಲ ಭಾನುವಾರ ಒಂದೇ ದಿನ ಓಡಿಬಿಟ್ಟರಾಯಿತು, ಬೆಳಿಗ್ಗೆ ಅರ್ಧ, ಸಂಜೆ ಅರ್ಧ, ಎಂದು ತೀರ್ಮಾನಿಸಿದ. ಉಳಿದದ್ದು ದಾರಿ ಮಾತ್ರ. ನಲವತ್ತಾರು ವರ್ಷ ಸೂಳೆಕೆರೆಯ ದಡದ ಊರಲ್ಲೇ ಬದುಕಿದ್ದರೂ ಮನೆಯಿಂದ ಅಂಗಡಿಗೆ ಹೋಗುವ ದಾರಿ ಬಿಟ್ಟು ಅವನಿಗೆ ಬೇರೆ ದಾರಿ ಗೊತ್ತಿರಲಿಲ್ಲ. ನಾಗೇಂದ್ರಪ್ಪನ ಹೋಟೆಲಿಗೆ ಹೋಗಿ ಕೇಳಿದ. ಅಲ್ಲಿ ಕೂತವರು ಮೂರು ದಾರಿ ಹೇಳಿದರು. ಬೆಂಚಿನ ತುದಿಯಲ್ಲಿ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ ಉಚ್ಚಂಗೆಪ್ಪ ತಲೆ ಎತ್ತಿದ. ಊರಿನ ನಲವತ್ತೆರಡು ದನಗಳನ್ನು ಇಪ್ಪತ್ತು ವರ್ಷದಿಂದ ಮೇಯಿಸುತ್ತಿದ್ದವನು ಅವನೇ.

"ದಾರಿ ನಾ ಹೇಳ್ತೀನಿ ಕೇಳ್ರಿ ಟೈಲರೇ. ಊರು ದಾಟಿ ಕೆರೆ ದಂಡಿ ಹಿಡೀರಿ. ಬಲಕ್ಕೆ ನೀರು. ಈ ಕಡೆ ನಿಂತು ನೋಡಿದ್ರೆ ಆ ಕಡೆ ದಂಡಿ ಕಾಣಲ್ಲ. ನಮ್ ತಮ್ಮ ಮಂಗಳೂರಾಗೆ ಸಮುದ್ರ ನೋಡ್ಕಂಡು ಬಂದ. 'ಇಷ್ಟೇ ಐತಣ್ಣ, ಆದ್ರೆ ಉಪ್ಪು' ಅಂದ. ನಮ್ದು ಸಿಹಿ."

"ಸಿಹಿ ಮಾತು ಬೇಡ. ಆಮೇಲೆ?"

"ಆಮೇಲೆ ಗುಡ್ಡ ಹತ್ರಿ. ಅಲ್ಲಿ ಹುಲ್ಲು ಮೊಣಕಾಲುದ್ದ ಐತೆ. ಹತ್ತು ಗಂಟೆಗೆ ಹುಣಸೆಮರದ ನೆರಳು ಬೀಳ್ತೈತೆ. ಇಳಿಯೋವಾಗ ಎಡಕ್ಕೆ ಹೋಗಬ್ಯಾಡ್ರಿ, ಜಾರ್ತೈತೆ, ಕಾಲು ಮುರ್ಕಂತವೆ."

ಯಾರು ಕಾಲು ಮುರಿದುಕೊಳ್ಳುತ್ತಾರೆಂದು ಜಯದೇವಪ್ಪ ಕೇಳಲಿಲ್ಲ. ಓಡುವವನಿಗೆ ಮೊಣಕಾಲುದ್ದದ ಹುಲ್ಲು ಯಾಕೆ ಬೇಕೆಂದೂ ಕೇಳಲಿಲ್ಲ. ನಾಲ್ಕು ದಾರಿಗಳಲ್ಲಿ ಮೂರನ್ನು ಬಿಟ್ಟು ಇದನ್ನೇ ಆರಿಸಿಕೊಂಡು ಮನೆಗೆ ಬಂದ.

ಇನ್ನೊಂದು ತೊಂದರೆ ಇತ್ತು. ಪಂಚೆ ಉಟ್ಟು ಓಡಲು ಬರುವುದಿಲ್ಲ. ಅವನ ಸೊಂಟಕ್ಕಾಗುವ ಚಡ್ಡಿ ದಾವಣಗೆರೆಯಲ್ಲೂ ಸಿಗುವುದಿಲ್ಲ. ಜಯದೇವಪ್ಪ ಪೆಟ್ಟಿಗೆಯ ತಳದಿಂದ ಒಂದು ಗಂಟು ತೆಗೆದ. ಹಬ್ಬಕ್ಕೆಂದು ಊರವರು ಕೊಟ್ಟ ಬಟ್ಟೆಗಳಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಉಳಿದ ತುಂಡುಗಳು ಅವು. ಬಟ್ಟೆ ಕೊಟ್ಟವರಿಗೆಲ್ಲ ಅವನು "ಸಾಲಲಿಲ್ಲ, ಎಳೆದು ಹೊಂದಿಸಿದೀನಿ" ಎಂದೇ ಹೇಳಿದ್ದ. ಹದಿನೇಳು ತುಂಡು ಕೂಡಿಸಿ ಒಂದು ಚಡ್ಡಿ ಮಾಡಿದ. ಬೆಳಗಿನ ಜಾವದ ಕತ್ತಲಲ್ಲಿ ಯಾರು ನೋಡುತ್ತಾರೆ ಎಂಬ ಧೈರ್ಯ.

ಭಾನುವಾರ ನಸುಕಿನಲ್ಲಿ, ಊರು ಎಣ್ಣೆಸ್ನಾನಕ್ಕೆ ನೀರು ಕಾಯಿಸುತ್ತಿರುವಾಗ, ಜಯದೇವಪ್ಪ ಕೆರೆಯ ದಂಡೆಯಲ್ಲಿ ಓಡತೊಡಗಿದ.

ಆ ಸೀಮೆಯಲ್ಲಿ ಒಂದು ರೂಢಿಯಿದೆ. ಸೂಳೆಕೆರೆ ತುಂಬಿದ ವರ್ಷ ಯಾರಾದರೂ ದಂಡೆಯ ಮೇಲಿಂದ ಗುಡ್ಡದ ಕಡೆ ಓಡಿದರೆ ಏನಾಯಿತೆಂದು ನಿಲ್ಲಿಸಿ ಕೇಳುವುದಿಲ್ಲ. ಏರಿ ಒಡೆದಿದೆ ಎಂದೇ ಲೆಕ್ಕ. ಮೊದಲು ಜೊತೆಗೆ ಓಡುವುದು, ಆಮೇಲೆ ಕೇಳುವುದು. ಮುತ್ತಜ್ಜಂದಿರ ಕಾಲದಿಂದ ಏರಿ ಒಂದು ಸಲವೂ ಒಡೆದಿರಲಿಲ್ಲ, ಆದರೂ ರೂಢಿಯನ್ನು ಯಾರೂ ಬಿಟ್ಟಿರಲಿಲ್ಲ.

ಮೊದಲು ನೋಡಿದವಳು ಕರಿಯಕ್ಕ. ಹಬ್ಬಕ್ಕೆ ಚೆಂಡುಹೂ ಮಾರಲು ಬುಟ್ಟಿ ಹೊತ್ತು ಬರುತ್ತಿದ್ದಳು. ಕ್ವಿಂಟಾಲ್ ತೂಕದ ಟೈಲರು ಗುಡ್ಡದ ಕಡೆ ಓಡುತ್ತಿದ್ದಾನೆಂದರೆ ಏರಿ ಒಂದು ಕಡೆಯಲ್ಲ, ನಾಲ್ಕು ಕಡೆ ಒಡೆದಿರಬೇಕು ಎಂದುಕೊಂಡಳು. ಬುಟ್ಟಿಯ ಸಮೇತ ತಿರುಗಿದಳು. ಅವಳನ್ನು ನೋಡಿ ನಾಗೇಂದ್ರಪ್ಪ ಉಕ್ಕುವ ಹಾಲು ಬಿಟ್ಟು ಹೊರಟ. ಅವನನ್ನು ನೋಡಿ ಮೇಷ್ಟ್ರು ಹಾಲಸ್ವಾಮಿ ತಲೆಗೆ ಹಚ್ಚಿದ ಎಣ್ಣೆ ಕಣ್ಣಿಗಿಳಿಯುತ್ತಿದ್ದರೂ ಓಡಿದರು. ಆಮೇಲೆ ಯಾರು ಯಾರನ್ನು ನೋಡಿ ಓಡಿದರೆಂದು ಹೇಳುವುದು ಕಷ್ಟ. ಅರ್ಧ ಕ್ಷೌರವಾದವನೊಬ್ಬ ಓಡಿದ, ಉಳಿದರ್ಧ ಮುಗಿಸಲು ಕ್ಷೌರದವನೂ ಹಿಂದೆಯೇ ಓಡಿದ. ಗುಡ್ಡದ ಬುಡ ಮುಟ್ಟುವಾಗ ಇಡೀ ಊರು, ಮೂರು ನಾಯಿ, ಯಾರೋ ಹೊತ್ತುಕೊಂಡ ಹೊಲಿಗೆ ಬಿಚ್ಚಿದ ಒಂದು ಹಾಸಿಗೆ ಜಯದೇವಪ್ಪನ ಹಿಂದೆ ಇದ್ದವು.

ಜಯದೇವಪ್ಪ ಒಮ್ಮೆ ತಿರುಗಿ ನೋಡಿದ. ಬೆಳಕು ಹರಿಯುತ್ತಿತ್ತು. ಊರೇ ತನ್ನ ಬೆನ್ನು ಹತ್ತಿದೆ. ಅವನು ಒಮ್ಮೆ ಊರನ್ನು ನೋಡಿದ, ಒಮ್ಮೆ ತನ್ನ ಚಡ್ಡಿಯನ್ನು ನೋಡಿದ. ಅಷ್ಟೇ, ಗೊತ್ತಾಯಿತು. ಅಲ್ಲಿಂದ ಮುಂದಕ್ಕೆ ಅವನು ಓಡಿದ ಓಟವನ್ನು ಆ ಗುಡ್ಡದ ಮೊಲಗಳು ಈಗಲೂ ಮಾತಾಡಿಕೊಳ್ಳುತ್ತವೆ.

ಗುಡ್ಡದ ನೆತ್ತಿಯ ಮೇಲೆ ಉಸಿರು ಮುಗಿಯಿತು. ಊರು ಸುತ್ತುವರಿಯಿತು. ಯಾರಾದರೂ ಬಾಯಿ ತೆರೆಯುವ ಮುಂಚೆಯೇ ಜಯದೇವಪ್ಪ ಎರಡೂ ಕೈ ಜೋಡಿಸಿದ.

"ತಪ್ಪಾತ್ರಪ್ಪ. ಎಲ್ಲಾರ್ದೂ ಬಿಚ್ಚಿ ವಾಪಸ್ ಕೊಡ್ತೀನಿ. ಹೊಡೀಬ್ಯಾಡ್ರಿ."

"ಏನು ಬಿಚ್ಚೋದು? ಏರಿ ಎಲ್ಲಿ ಒಡೆದೈತೆ ಅದನ್ನ ಹೇಳ್ರಿ," ಎಂದ ನಾಗೇಂದ್ರಪ್ಪ.

"ಯಾವ ಏರಿ?"

ಎಲ್ಲರೂ ಒಟ್ಟಿಗೆ ಕೆಳಗೆ ನೋಡಿದರು.

ಏರಿ ಇದ್ದಲ್ಲೇ ಇತ್ತು. ಅದರ ಈಚೆ ಕೆರೆ. ಸೂರ್ಯ ಆಗಷ್ಟೇ ನೀರಿನಿಂದ ಎದ್ದಂತಿದ್ದ, ಇನ್ನೂ ಹನಿ ತೊಟ್ಟಿಕ್ಕುತ್ತಿರುವಂತೆ ಕಾಣುತ್ತಿದ್ದ. ಗುಡ್ಡಗಳೆಲ್ಲ ತಲೆಕೆಳಗಾಗಿ ನೀರಿನೊಳಗೆ ನಿಂತಿದ್ದವು. ಬೆಳ್ಳಕ್ಕಿಯ ಒಂದು ಸಾಲು ಆ ದಡದಿಂದ ಹೊರಟಿದ್ದು ಈ ದಡ ಮುಟ್ಟುವಷ್ಟರಲ್ಲಿ ಬಿಳಿಯಿಂದ ಕೆಂಪಾಗಿ, ಕೆಂಪಿನಿಂದ ಬಂಗಾರವಾಯಿತು. ಕೆರೆಯ ನೀರು ಕುಡಿದು ಹುಟ್ಟಿ ಬೆಳೆದ ಜನ ಯಾರೂ ಆ ಹೊತ್ತಿನಲ್ಲಿ ಅಲ್ಲಿ ನಿಂತು ಅದನ್ನು ನೋಡಿರಲಿಲ್ಲ. ಕರಿಯಕ್ಕ ತಲೆಯ ಮೇಲಿನ ಬುಟ್ಟಿ ಇಳಿಸಿದಳು. ಮೇಷ್ಟ್ರು ಕಣ್ಣೊಳಗಿನ ಎಣ್ಣೆ ಒರೆಸಿಕೊಂಡು ಮತ್ತೆ ನೋಡಿದರು. ನಾಯಿಗಳೂ ನೀರಿನ ಕಡೆ ಮುಖ ಮಾಡಿ ಕೂತವು.

"ಇದು ದಿನಾ ಹಿಂಗೇ ಇರ್ತೈತಾ?" ಎಂದಳು ಕರಿಯಕ್ಕ, ಮೆಲ್ಲಗೆ.

"ದಿನಾ," ಎಂದ ಉಚ್ಚಂಗೆಪ್ಪ. ಅವನು ಓಡಿ ಬಂದಿರಲಿಲ್ಲ. ದನ ಹೊಡೆದುಕೊಂಡು ಆಗ ತಾನೇ ನಿಧಾನ ಹತ್ತಿ ಬಂದಿದ್ದ.

ಆಮೇಲೆ ಕರಿಯಕ್ಕ ಕೆರೆಯಿಂದ ಕಣ್ಣು ತೆಗೆದಳು. ಅದು ಸೀದಾ ಜಯದೇವಪ್ಪನ ಎಡತೊಡೆಯ ಮೇಲೆ ಬಿತ್ತು.

"ಅದು ನನ್ ಕೆಂಪು ಕುಪ್ಪಸದ್ದಲ್ಲೇನು? ಸಾಲಲಿಲ್ಲ ಅಂತ ತೋಳು ಗಿಡ್ಡ ಮಾಡಿದ್ಯಲ್ಲ?"

"ಈ ಟೆರಿಕಾಟ್ ನಂದು," ಎಂದರು ಮೇಷ್ಟ್ರು. "ಇದಕ್ಕೇ ಏನ್ರೀ ನನ್ನ ಪ್ಯಾಂಟಿಗೆ ಒಂದೇ ಜೇಬು ಇರೋದು?"

"ಹಿಂದುಗಡೆ ಪೂರ್ತಿ ನಂದೇ ಐತೆ," ಎಂದ ನಾಗೇಂದ್ರಪ್ಪ. ಅವನ ದನಿಯಲ್ಲಿ ಸಿಟ್ಟಿನ ಜೊತೆ ಸ್ವಲ್ಪ ಹೆಮ್ಮೆಯೂ ಇತ್ತು.

ಪಂಚಾಯ್ತಿ ಅಲ್ಲೇ ಕೂತಿತು. ಜಯದೇವಪ್ಪ ಸೂಜಿಯ ಕಥೆಯನ್ನೆಲ್ಲ ಹೇಳಿಕೊಂಡ. ಸಂಜೆ ಇನ್ನೊಂದು ಓಟ ಬಾಕಿಯಿದೆ, ಅದೊಂದಕ್ಕೆ ಬಿಟ್ಟುಬಿಡಿ ಎಂದ.

"ನೀವು ಓಡಿದ್ರೆ ಊರೆಲ್ಲಾ ಓಡಬೇಕಾಗ್ತೈತಲ್ರೀ. ಹಬ್ಬದ ದಿನ ಎರಡೆರಡು ಸಲ ಹೆಂಗೆ ಓಡಾಕೆ ಆಗ್ತೈತೆ?" ಎಂದ ನಾಗೇಂದ್ರಪ್ಪ.

ಆಗ ಉಚ್ಚಂಗೆಪ್ಪ ಎದ್ದ. ದನಗಳ ಮುಂದೆ ನಡೆಯುವ ಹಿರಿಯ ಹಸು ಗೌರಿಯ ಕೊರಳಿನಿಂದ ಹಿತ್ತಾಳೆ ಗಂಟೆ ಬಿಚ್ಚಿದ. ತೆಂಗಿನಕಾಯಿಯಷ್ಟು ದಪ್ಪ ಗಂಟೆ.

"ಇದನ್ನ ಕಟ್ಕಂಡು ಓಡ್ಲಿ. ಗಂಟೆ ಕೇಳಿದ್ರೆ ಟೈಲರು. ಕೇಳಲಿಲ್ಲ ಅಂದ್ರೆ ಏರಿ. ಬಿಚ್ಚಿದ ದಿನ ಚಡ್ಡಿ ವಿಚಾರ ಮತ್ತೆ ತೆಗೆಯಾಣ."

ಇಷ್ಟು ಒಳ್ಳೆಯ ನ್ಯಾಯ ಆ ಊರಿನಲ್ಲಿ ಹಿಂದೆ ಆಗಿರಲಿಲ್ಲ ಎಂದು ಎಲ್ಲರೂ ಒಪ್ಪಿದರು. ಉಚ್ಚಂಗೆಪ್ಪನೇ ಜಯದೇವಪ್ಪನ ಕೊರಳಿಗೆ ಗಂಟೆ ಕಟ್ಟಿದ.

ಸಂಜೆ ನಾಲ್ಕೂವರೆಗೆ ಜಯದೇವಪ್ಪ ಚಡ್ಡಿಯ ಗೊಡವೆ ಬೇಡವೆಂದು ಪಂಚೆಯನ್ನೇ ಕಚ್ಚೆ ಹಾಕಿಕೊಂಡು ಗಂಟೆ ಬಾರಿಸುತ್ತ ಹೊರಟ. ಯಾರೂ ಬೆನ್ನು ಹತ್ತಲಿಲ್ಲ. ಮನೆಯೊಳಗಿಂದಲೇ "ಏನಿಲ್ಲ, ಟೈಲರು" ಎಂದುಕೊಂಡು ಹೋಳಿಗೆ ತಟ್ಟಿದರು. ದಂಡೆ ಸೇರಿದಾಗ ಅವನ ಮನಸ್ಸು ಹಗುರವಾಗಿತ್ತು. ನೀರು ತಾಮ್ರದ ಹಂಡೆಯ ಹಾಗೆ ಹೊಳೆಯುತ್ತಿತ್ತು. ಇಷ್ಟು ದೊಡ್ಡದರ ಪಕ್ಕದಲ್ಲಿ ಓಡುವಾಗ ತಾನು ಎಷ್ಟು ಸಣ್ಣವನು ಎನ್ನಿಸಿತು. ಸಣ್ಣವನು ಎಂದು ಅವನಿಗೆ ಅನ್ನಿಸಿದ್ದು ಹುಟ್ಟಿದ ಮೇಲೆ ಅದೇ ಮೊದಲು.

ಹಿಂದೆ ಏನೋ ಉಸಿರು ಬಿಟ್ಟಿತು. ತಿರುಗಿದ. ಗೌರಿ. ಗೌರಿಯ ಹಿಂದೆ ನಲವತ್ತೊಂದು ದನ. ಅವನು ನಿಂತರೆ ಅವೂ ನಿಂತವು. ಓಡಿದರೆ ಓಡಿದವು. ಕಳ್ಳಿಸಾಲಿನ ಹಿಂದೆ ಅಡಗಿ ಕೂತು ನೋಡಿದ. ಅವೂ ಸಾಲಾಗಿ ಅಡಗಿ ಕೂತವು. ಆ ದನಗಳು ಇಷ್ಟು ವರ್ಷ ನಂಬಿದ್ದು ಉಚ್ಚಂಗೆಪ್ಪನನ್ನಲ್ಲ, ಆ ಗಂಟೆಯನ್ನು. ಉಚ್ಚಂಗೆಪ್ಪ ಎಲ್ಲೂ ಕಾಣಲಿಲ್ಲ. ಬೇರೆ ದಾರಿಯಿಲ್ಲದೆ ಜಯದೇವಪ್ಪ ಊರಿನ ಕಡೆ ನಡೆದ. ಗೌರಿ ಓಡಲು ಬಿಡಲಿಲ್ಲ. ಹುಲ್ಲು ಕಂಡಲ್ಲೆಲ್ಲ ನಿಂತಳು, ಅವಳನ್ನು ಬಿಟ್ಟು ಹೋಗುವಂತಿರಲಿಲ್ಲ.

ಊರ ಬಾಗಿಲಲ್ಲಿ ಜನ ಕೈಕಟ್ಟಿ ನಿಂತು ನೋಡಿದರು. ಒಂದು ದನವೂ ತಪ್ಪಿಸಿಕೊಳ್ಳದೆ, ಕೋಲು ಎತ್ತದೆ, ಇಷ್ಟು ನೆಟ್ಟಗೆ ದನ ತಂದವನನ್ನು ಅವರು ಕಂಡಿರಲಿಲ್ಲ. ಹೋಟೆಲಿನ ಬೆಂಚಿನ ಮೇಲೆ ಉಚ್ಚಂಗೆಪ್ಪ ಕಾಲು ಚಾಚಿ ಬೀಡಿ ಸೇದುತ್ತಿದ್ದ. ಮಧ್ಯಾಹ್ನ ಎರಡಕ್ಕೇ ಬಂದಿದ್ದನಂತೆ.

"ಮೊಣಕಾಲು ರೀ," ಎಂದ. "ದಾರಿ ಹೆಂಗಿತ್ತು? ಚೆಂದ ಐತಲ್ವಾ?"

ಜಯದೇವಪ್ಪ ಉತ್ತರ ಕೊಡುವಷ್ಟರಲ್ಲಿ ಮೊದಲ ಮನೆಯ ಬಾಗಿಲು ತೆರೆಯಿತು. ದೀಪಾವಳಿ ಅಮಾವಾಸ್ಯೆಯ ದಿನ ದನ ಮನೆಗೆ ತಂದವನಿಗೆ ಬಿಸಿ ಹೋಳಿಗೆ ಕೊಡಬೇಕು. ಅವನು ಬಾಗಿಲಲ್ಲೇ ನಿಂತು ತಿನ್ನಬೇಕು. ತಿನ್ನದೆ ಹೋದರೆ ಹಸುವಿನ ಹಾಲು ಬತ್ತುತ್ತದೆ. ದನ ಇದ್ದ ಮನೆಗಳು ಹದಿನೇಳು.

"ನನಗೆ ಸಕ್ಕರೆ ಐತ್ರೀ," ಎಂದ ಜಯದೇವಪ್ಪ ಮೊದಲ ಬಾಗಿಲಲ್ಲಿ.

"ಇದ್ರಾಗೆ ಸಕ್ಕರೆ ಇಲ್ಲ, ಬೆಲ್ಲ," ಎಂದರು ಮನೆಯವರು.

ಹದಿನೇಳನೆಯದು ಅವನದೇ ಮನೆ. ತಿಂಗಳಿಂದ ಬೆಲ್ಲದ ಡಬ್ಬಿಗೆ ಬೀಗ ಹಾಕಿದ್ದ ಹೆಂಡತಿ ಅನ್ನಪೂರ್ಣಮ್ಮ ತಟ್ಟೆ ಹಿಡಿದು ನಿಂತಿದ್ದಳು. ತುಪ್ಪವೂ ಇತ್ತು.

"ನೀನೂನಾ?" ಎಂದ.

"ಹೆಂಡ್ತಿಯಾಗಿ ನಾನು ಬ್ಯಾಡ ಅಂತೀನಿ. ಹಸು ಕಟ್ಟಿರೋಳಾಗಿ ಬಿಡಾಕೆ ಬರಲ್ಲ. ತಿನ್ರಿ."

ಸೋಮವಾರ ನಲ್ಲೂರಿನ ಡಾಕ್ಟರು ಮೂತ್ರ ಕಾಯಿಸಿ ಪರೀಕ್ಷೆ ಮಾಡಿ ಗಾಜಿನ ನಳಿಗೆಯನ್ನು ಬೆಳಕಿಗೆ ಹಿಡಿದರು. ಕೆಂಪಾದಷ್ಟೂ ಸಕ್ಕರೆ ಹೆಚ್ಚು. ಅದು ಗೋಡೆಯ ಇಟ್ಟಿಗೆಗಿಂತ ಕೆಂಪಗಿತ್ತು. ಅವರು ಸೂಜಿ ಎತ್ತಿಕೊಂಡರು.

"ಓಡಿದ್ದೆ ಸಾರ್. ಒಳ್ಳೇ ದಾರೀಲೇ ಓಡಿದ್ದೆ," ಎಂದ ಜಯದೇವಪ್ಪ.

"ಅದಕ್ಕೇ ಇವತ್ತು ಒಂದೇ ಸೂಜಿ. ತೋಳು ಕೊಡ್ರಿ. ಕೊರಳಲ್ಲಿ ಏನ್ರೀ ಅದು?"

ಜಯದೇವಪ್ಪ ಕಣ್ಣು ಮುಚ್ಚಿ ತೋಳು ಚಾಚಿದ. ಸೂಜಿ ಇಳಿಯಿತು. ಅವನು ಬೆಚ್ಚಿಬಿದ್ದ ರಭಸಕ್ಕೆ ಕೊರಳಿನ ಗಂಟೆ ಢಣ್ ಎಂದಿತು. ಹೊರಗೆ ಡಾಕ್ಟರ ಬಾಗಿಲ ಮುಂದೆ, ಹಬ್ಬದ ಬಣ್ಣ ಹಚ್ಚಿದ ಕೊಂಬು ಎತ್ತಿಕೊಂಡು, ನಲವತ್ತೆರಡು ದನ ಒಂದೇ ದನಿಯಲ್ಲಿ ಅಂಬಾ ಎಂದವು.