ಹಿತ್ತಾಳೆ ಬುರುಡೆಗೆ ತೆತ್ತ ಮೀಸೆಗಳು

ಓ ನೀಲಾಂಗಿಯೇ, ಧೂಮಕುಂತಲೆಯೇ, ರೇಷನ್‌ಸರದಿಸಾಲುಪೂಜಿತೆಯೇ, ಸೀಮೆಎಣ್ಣೆಯ ಅಧಿದೇವತೆಯೇ! ಗ್ಯಾಸ್ ಸಿಲಿಂಡರೆಂಬ ಕೆಂಪಂಗಿಯ ಚಕ್ರವರ್ತಿಯು ಮನೆಮನೆಯನ್ನೂ ಗೆದ್ದು, ನಿನ್ನ ಸೇನಾನಿಗಳಾದ ಗ್ಯಾಸ್‌ಲೈಟು, ಪಂಪ್ ಸ್ಟವ್, ಬ್ಲೋ ಲ್ಯಾಂಪುಗಳನ್ನು ಅಟ್ಟಕ್ಕೆ ಅಟ್ಟಿದ ಈ ಯುಗದಲ್ಲಿ, ಮಳವಳ್ಳಿಯ ಹೆಂಚಿನ ಮನೆಯೊಂದರಲ್ಲಿ ಅಣ್ಣತಮ್ಮಂದಿರು ನಡೆಸಿದ ಮಹಾಸಂಗ್ರಾಮವನ್ನು ಹೇಳಹೊರಟಿದ್ದೇನೆ. ನನ್ನ ನಾಲಗೆಗೆ ಕಸುವು ಕೊಡು. ತಾಳ್ಮೆಯನ್ನೂ ಕೊಡು, ಏಕೆಂದರೆ ಇಬ್ಬರೂ ಶುದ್ಧ ಮೊಂಡರು.

ಹಿರಿಯನು ಅಂಕೇಗೌಡ. ಒಂದು ಕಾಲದಲ್ಲಿ ಸುತ್ತಲ ಊರುಗಳ ಮದುವೆಗಳಿಗೆಲ್ಲ, ಮ್ಯಾಂಟಲೆಂಬ ಬಲೆಯ ಬತ್ತಿ ಕಟ್ಟಿ, ಗ್ಯಾಸ್‌ಲೈಟು ಬಾಡಿಗೆಗೆ ಕೊಟ್ಟ ಸಹಸ್ರಮ್ಯಾಂಟಲ್‌ದಹನಧುರೀಣ, ದಿಬ್ಬಣಮಾರ್ಗಪ್ರಭಾಕರ. ಕಿರಿಯನು ಮಾಯಿಗೌಡ. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಬ್ಲೋ ಲ್ಯಾಂಪಿನ ಉರಿ ಹಾಯಿಸಿ ಲೋಹ ಬೆಸೆಯುತ್ತಲೇ ನಿವೃತ್ತನಾದ ಜ್ವಾಲಾಜಿಹ್ವಾನಿಯಾಮಕ, ಸಕಲಸೋರಿಕೆಸಂಹಾರಕ. ಇಬ್ಬರ ಮೇಲ್ದುಟಿಯ ಮೇಲೂ ಹುರಿಗೊಂಡ ಮೀಸೆಗಳು ವಿರಾಜಿಸುತ್ತಿದ್ದವು. ಇವರನ್ನು ಹೆತ್ತ ಚಿಕ್ಕತಾಯಮ್ಮನವರು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

ಸಂಕ್ರಾಂತಿಗೆಂದು ಅಟ್ಟ ಗುಡಿಸುವಾಗ ಸೀಮೆಎಣ್ಣೆ ತುಂಬುವ ಹಳೆಯ ಹಿತ್ತಾಳೆ ಬುರುಡೆಯೊಂದು ಉರುಳಿ ಕೆಳಗೆ ಬಿತ್ತು. ದುಂಡನೆಯ ಹೊಟ್ಟೆ, ಪಕ್ಕದಲ್ಲಿ ಪಂಪು, ಮೈತುಂಬ ದಪ್ಪನೆಯ ಮಸಿ. ತಲೆಯೇ ಇಲ್ಲ. ಗಾಜಿನ ತಲೆಯಿದ್ದರೆ ಗ್ಯಾಸ್‌ಲೈಟು, ಬರ್ನರಿನ ತಲೆಯಿದ್ದರೆ ಸ್ಟವ್, ಉರಿಯುಗುಳುವ ಮೂತಿಯಿದ್ದರೆ ಬ್ಲೋ ಲ್ಯಾಂಪು. ತಲೆ ಹೋದ ಮೇಲೆ ಮೂರರ ಹೊಟ್ಟೆಯೂ ಹೆಚ್ಚುಕಡಿಮೆ ಒಂದೇ. ಈ ಸಾಮಾನ್ಯ ಸಂಗತಿಯನ್ನು ಒಪ್ಪಿಕೊಂಡಿದ್ದರೆ ನನಗೆ ಕಥೆಯೇ ಸಿಗುತ್ತಿರಲಿಲ್ಲ.

ಅಂಕೇಗೌಡನು ಬುರುಡೆಯನ್ನು ಎರಡು ಕೈಯಲ್ಲೆತ್ತಿ, ದಿಗ್ದೇವತೆಗಳು ಕೇಳುವಂತೆ ಗರ್ಜಿಸಿದನು. "ಇದು ಗ್ಯಾಸ್‌ಲೈಟಿನ ಹೊಟ್ಟೆ ಕಣ್ಲಾ. ಕಣ್ಮುಚ್ಕಂಡು ಮುಟ್ಟುದ್ರೂ ಯೋಳ್ತೀನಿ. ಅಲ್ದೇ ಹೋದ್ರೆ ಈ ಮೀಸೆ ಬೋಳುಸ್ಕತೀನಿ."

ಮಾಯಿಗೌಡನು ತನ್ನ ಮೀಸೆಯ ತುದಿಯನ್ನು ಹುರಿಮಾಡಿ ಪ್ರತಿಗರ್ಜಿಸಿದನು. "ಬ್ಲೋ ಲ್ಯಾಂಪು ಕಣಣ್ಣ. ಇದ್ನ ಹಿಡ್ದೂ ಹಿಡ್ದೂ ನನ್ ಅಂಗೈ ಸವೆದೋಗದೆ. ಅಲ್ದಿದ್ರೆ ನಂದೂ ತಗುಸ್ತೀನಿ."

ಪಣವು ಹೀಗೆ ಭೂಮ್ಯಾಕಾಶಗಳ ಸಾಕ್ಷಿಯಲ್ಲಿ ನಿಶ್ಚಯವಾಯಿತು. ಬುರುಡೆಯು ದೀಪದ್ದೆಂದಾದರೆ ತಮ್ಮನ ಮೀಸೆ, ಉರಿಯುಗುಳುವ ಯಂತ್ರದ್ದೆಂದಾದರೆ ಅಣ್ಣನ ಮೀಸೆ. ಮಸಿ ಕಳೆದರೆ ಸತ್ಯ ಹೊಳೆಯುತ್ತದೆಂದು ಇಬ್ಬರೂ ಒಪ್ಪಿದರು. ಒಬ್ಬನು ಹುಣಸೆಹಣ್ಣನ್ನೂ ಇನ್ನೊಬ್ಬನು ಒಲೆಬೂದಿಯನ್ನೂ ಧರಿಸಿ, ಬಚ್ಚಲೆಂಬ ರಣಾಂಗಣಕ್ಕಿಳಿದು, ಎದುರುಬದುರು ಕುಕ್ಕುರುಗಾಲಲ್ಲಿ ಕೂತು, ತಂತಮ್ಮ ಕಡೆಯ ಅರ್ಧವನ್ನು ಉಜ್ಜಿಯೇ ಉಜ್ಜಿದರು. ಬೆವರು ಹರಿಯಿತು, ಮೊಣಕಾಲು ಹಿಡಿದುಕೊಂಡಿತು, ಉಟ್ಟ ಪಂಚೆಗಳು ಮಸಿಯಾದವು. ಕೊನೆಗೆ ಹಿತ್ತಾಳೆ ಬಂಗಾರದಂತೆ ಹೊಳೆಯಿತು. ಹೊಳೆದಾಗ, ಅದರ ಭುಜದ ಸುತ್ತ ಬೆಸುಗೆ ಹಾಕಿದ ಮೂರು ಸಣ್ಣ ಕೊಳವೆಗಳು ಕಂಡವು. ಪಾತ್ರೆ ಹೊರುವ ಮೂರು ಕಾಲುಗಳನ್ನು ಸಿಕ್ಕಿಸುವ ಜಾಗ ಅದು. ದೀಪಕ್ಕೆ ಅಂಥ ಕಾಲಿಲ್ಲ, ಬ್ಲೋ ಲ್ಯಾಂಪಿಗೂ ಇಲ್ಲ. ಅದು ಅನ್ನ ಬೇಯಿಸುವ ಪಂಪ್ ಸ್ಟವ್.

ಇಬ್ಬರೂ ಸೋತಿದ್ದರು. ಆದರೆ ಆಡಿದ ಮಾತಿಗೆ ತಪ್ಪದ ಸತ್ಯಸಂಧರು ಹಿಂಬಾಗಿಲಿನಿಂದ ಹೊರಟು ಪೇಟೆಬೀದಿಯ ಕ್ಷೌರದಂಗಡಿಯಲ್ಲಿ ಜೋಡಿ ಕುರ್ಚಿಗಳನ್ನು ಏರಿದರು. ಅಂಗಡಿಯವನು ಏಕೆಂದು ಕೇಳಲಿಲ್ಲ. ರೇಡಿಯೊ ನಿಲ್ಲಿಸಿ, ತಲೆ ತಗ್ಗಿಸಿ, ತನ್ನ ಕೆಲಸ ಮಾಡಿ ಮುಗಿಸಿದನು. ಆ ಸೀಮೆಯಲ್ಲಿ ಗಂಡಸು ಮೀಸೆ ತೆಗೆಸುವುದು ಹೆತ್ತವರು ತೀರಿಕೊಂಡಾಗ. ಅಪ್ಪ ಹೋಗಿ ಬಹಳ ಕಾಲವಾಗಿದ್ದ ಈ ಮಹಾಶಯರಿಗೆ ಪಣದ ಕಾವಿನಲ್ಲಿ ಇದು ಹೊಳೆಯಲೇ ಇಲ್ಲ. ಅಣ್ಣತಮ್ಮಂದಿರಿಬ್ಬರೂ ಒಟ್ಟಿಗೆ ಬೋಳಿಸಿಕೊಂಡರೆಂದ ಮೇಲೆ ಊರಿಗೆ ಬೇರೆ ಸುದ್ದಿ ಬೇಕಿರಲಿಲ್ಲ.

ಹಿಂದಿನ ಬೀದಿಯ ಪುಟ್ಟಮಾದಮ್ಮ ಹೂವಿನ ಹಾರ ಹಿಡಿದು, ಎದೆ ಬಡಿದುಕೊಂಡು ಅಳುತ್ತ ಓಡಿಬಂದಳು. ಚಿಕ್ಕತಾಯಮ್ಮನವರು ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ, ಅವಳಿಗೆ ಕೂರಲು ಜಾಗ ಮಾಡಿಕೊಟ್ಟು, "ಯಾರವ್ವ ಹೋಗಿದ್ದು?" ಎಂದು ಮರುಕದಿಂದ ಕೇಳಿದರು. ಪುಟ್ಟಮಾದಮ್ಮ ಹಾರ ಹಿಡಿದೇ ಅವರ ಪಕ್ಕದಲ್ಲಿ ಕೂತಳು. ಅಷ್ಟರಲ್ಲಿ ಬರಿದುಟಿಯ ವೀರರಿಬ್ಬರೂ ಅಂಗಳಕ್ಕೆ ಬಂದರು.

ತಾಯಿ ದೊಡ್ಡವನ ಮುಖ ನೋಡಿದರು, ಚಿಕ್ಕವನ ಮುಖ ನೋಡಿದರು, ಹಾರವನ್ನೂ ನೋಡಿದರು. ಅವರಿಗೆ ನಿಜವಾಗಿಯೂ ನೋವಾಯಿತು.

"ನಾನಿನ್ನೂ ಉಸ್ರಾಡ್ಕಂಡು ಕುಂತಿವ್ನಿ ಕಣ್ರಪ್ಪಾ," ಎಂದರು. "ಅಷ್ಟೊಂದು ಅರ್ಜೆಂಟಾ ನಿಮ್ಗೆ?"

ಸಹಸ್ರಮ್ಯಾಂಟಲ್‌ದಹನಧುರೀಣನು ಅಂಗೈಯಿಂದ ಬರಿದುಟಿಯನ್ನು ಮುಚ್ಚಿಕೊಂಡನು. ತಾಯಿ ಹೆಚ್ಚೇನೂ ಬೈಯಲಿಲ್ಲ. ದುಃಖ ಕೇಳಲು ಬಂದವರಿಗೆಲ್ಲ ಬಾಗಿಲಲ್ಲೇ ನಿಂತು ಕಾರಣ ಹೇಳಿ ಕಳುಹಿಸಿರೆಂದು ಅಪ್ಪಣೆ ಕೊಟ್ಟು ಅವರೆಕಾಯಿಗೆ ಕೈ ಹಾಕಿದರು. ಸಂಜೆಯವರೆಗೂ ಜನ ಬರುತ್ತಲೇ ಇದ್ದರು. ಡಿಪೋದ ಹಳೆಯ ಗೆಳೆಯರು ಗಾಡಿ ಮಾಡಿಕೊಂಡು ಬಂದು, ಮಾಯಿಗೌಡನನ್ನು ತಬ್ಬಿ, ಅವ್ವನಿಗೆ ಏನಾಗಿತ್ತೆಂದು ಗದ್ಗದರಾಗಿ ಕೇಳಿದರು.

ಸಕಲಸೋರಿಕೆಸಂಹಾರಕನು ನೆಲ ನೋಡಿದನು.

"ಅವ್ವಂಗೇನಿಲ್ಲ," ಎಂದನು. "ಸ್ಟವ್ ಗುರ್ತು ಸಿಗ್ನಿಲ್ಲ, ಅದ್ಕೆ."