ಮೇಷ್ಟ್ರ ಟ್ಯೂಬ್‌ಲೆಸ್ ಸೈಕಲ್

ಸೈಕಲ್ ಶಾಪ್ ಇಟ್ಟವನ ಮುಂದೆ ಜನ ಮುಚ್ಚುಮರೆ ಮಾಡುವುದಿಲ್ಲ. ಚಕ್ರ ಬಿಚ್ಚಿ ಹಾಕಿದ ಮೇಲೆ ಎದ್ದು ಹೋಗುವ ಹಾಗಿಲ್ಲವಲ್ಲ, ಕೂತು ಮಾತಾಡಲೇಬೇಕು. ಹಾಗಾಗಿ ಕಿಬ್ಬನಹಳ್ಳಿ ಕ್ರಾಸಿನ ನನ್ನ ಅಂಗಡಿಯಲ್ಲಿ ಏನಾದರೊಂದು ತಮಾಷೆ ನಡೆಯುತ್ತಲೇ ಇರುತ್ತದೆ. ಆದರೆ ಈ ಟ್ಯೂಬ್‌ಲೆಸ್ ಟೈರು ಕಾಲಿಟ್ಟ ವರ್ಷ ನಡೆದಷ್ಟು ಯಾವತ್ತೂ ನಡೆದಿರಲಿಲ್ಲ.

ಗಾಳಿ ಎಲ್ಲಿ ನಿಲ್ಲುತ್ತೆ?

ಇದನ್ನು ಶುರು ಮಾಡಿದವರು ನಮ್ಮ ಹೈಸ್ಕೂಲ್ ಮೇಷ್ಟ್ರು. ಸಕ್ಕರೆ ಕಾಯಿಲೆಗೆ ಮೈ ಬೆವರಬೇಕು ಅಂತ ಡಾಕ್ಟರು ಹೇಳಿದ್ದಕ್ಕೆ ಗೇರ್ ಸೈಕಲ್ ತಗೊಂಡಿದ್ದರು. ಅವರನ್ನು ನೋಡಿ ಅವರ ಬೀದಿಯ ಗಂಡಸರೆಲ್ಲ ತಗೊಂಡರು. ನಮ್ಮ ಕಡೆ ತೋಟದ ದಾರಿ ತುಂಬ ಜಾಲಿ ಮುಳ್ಳು. ಮೇಷ್ಟ್ರು ವಾರದಲ್ಲಿ ಒಂದೆರಡು ಸಲವಾದರೂ ಸೈಕಲ್ ತಳ್ಳಿಕೊಂಡು ಬರೋರು. ನಾನು ಟ್ಯೂಬ್ ಈಚೆಗೆಳೆದು, ನೀರಿನ ಬಾನಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿ ಏಳುತ್ತೆ ಅಂತ ನೋಡೋನು. ನಿಜ ಹೇಳಬೇಕಂದರೆ ನನ್ನ ಸಂಸಾರ ನಡೆಯುತ್ತಿದ್ದದ್ದೇ ಆ ಗುಳ್ಳೆಗಳಿಂದ.

ಒಂದು ದಿನ ಮೇಷ್ಟ್ರು ಬಂದವರೇ ಮೊಬೈಲನ್ನು ನನ್ನ ಮೂಗಿಗೆ ಹಿಡಿದರು.

"ನೋಡಯ್ಯ, ಟ್ಯೂಬೇ ಇಲ್ಲ. ಟೈರೊಳಗೆ ಬೆಳ್ಳಗಿರೋ ಒಂದು ಅಂಟು ಹುಯ್ತಾರೆ. ಮುಳ್ಳು ಚುಚ್ಚಿದ್ರೆ ಅದೇ ಹೋಗಿ ತೂತು ಮುಚ್ಚಿಬಿಡುತ್ತೆ."

"ಟ್ಯೂಬಿಲ್ದೆ ಗಾಳಿ ಎಲ್ಲಿ ನಿಲ್ತದೆ ಸಾ?"

"ಟೈರಲ್ಲೇ ನಿಲ್ಲುತ್ತೆ. ಕಾರಿಗೆ, ಬೈಕಿಗೆ ಇಲ್ವೇನಯ್ಯ?"

"ಅಂದ್ರೆ ಪಂಕ್ಚರೇ ಆಗಲ್ವ?"

"ಆಗಲ್ಲ."

ಇದು ಊರಿಗೆಲ್ಲ ಹಬ್ಬಿದರೆ ನನ್ನ ಬಾನಿಯಲ್ಲಿ ಎಮ್ಮೆಗೆ ಕಲಗಚ್ಚು ಇಡಬೇಕಾಗುತ್ತದೆ. ಆದಷ್ಟು ಮೆತ್ತಗೆ ಹೇಳಿದೆ: "ಇರೋ ಟೈರೇ ಚೆನ್ನಾಗದೆ ಸಾ. ಅಷ್ಟೆಲ್ಲ ತಾಪತ್ರಯ ಯಾಕೆ? ನನ್ನ ಕೇಳಿದ್ರೆ ಬೇಡ ಅಂತೀನಿ."

ಮೇಷ್ಟ್ರು ಮೊಬೈಲನ್ನು ಜೇಬಿಗೆ ಹಾಕಿಕೊಂಡು ಹೇಳಿದರು: "ನಿನ್ನನ್ನ ಕೇಳೋದೂ ಒಂದೇ, ಈ ಔಷಧಿ ತಗೊಳ್ಳಲಾ ಅಂತ ಯಮನನ್ನ ಕೇಳೋದೂ ಒಂದೇ."

ಢಂ

ಟೈರು ತರಿಸಿದ್ದಾಯಿತು. ಹಾಕುವುದು ಮೇಷ್ಟ್ರ ಮೊಬೈಲಿನಲ್ಲಿ ಕಂಡಷ್ಟು ಸುಲಭವಿರಲಿಲ್ಲ. ಗಾಳಿ ಒಂದೇ ಏಟಿಗೆ ನುಗ್ಗಿದರೆ ಮಾತ್ರ ಟೈರು ರಿಮ್ಮನ್ನು ಕಚ್ಚಿ ಹಿಡಿಯುತ್ತದೆ. ಕೈಪಂಪಿನಲ್ಲಿ ಒತ್ತಿದಷ್ಟೂ ಗಾಳಿ ಪಕ್ಕದಿಂದ ಸುಸ್ಸೆಂದು ಹೊರಟುಹೋಗುತ್ತಿತ್ತು. ನಾನು ಒತ್ತಿದೆ, ಮೇಷ್ಟ್ರು ಒತ್ತಿದರು, ಪಕ್ಕದ ಬೋಂಡದಂಗಡಿಯವನು ಬಾಣಲೆ ಬಿಟ್ಟು ಬಂದು ಒತ್ತಿದ. ಬಸ್ಸಿಗೆ ಕಾಯುತ್ತಿದ್ದವರೂ ಒಬ್ಬೊಬ್ಬರಾಗಿ ಬಂದು ಒತ್ತಿ, ನನ್ನ ಪಂಪೇ ಸರಿಯಿಲ್ಲ ಅಂತ ಹೇಳಿ ಹೋದರು.

ಕೊನೆಗೆ ಚಕ್ರವನ್ನು ಎದುರಿಗಿದ್ದ ಲಾರಿ ಪಂಕ್ಚರ್ ಅಂಗಡಿಗೆ ಒಯ್ದೆವು. ಅಲ್ಲಿನ ಕಂಪ್ರೆಸರ್‌ನಿಂದ ಗಾಳಿ ಬಿಟ್ಟದ್ದೇ ತಡ, ಟೈರು ಢಂ ಅಂತ ರಿಮ್ಮಿಗೆ ಕೂತಿತು. ಅದೇ ಹೊತ್ತಿಗೆ ತಿಪಟೂರಿನ ಬಸ್ಸು ಬಂದು ನಿಂತಿತ್ತು. ಸದ್ದು ಕೇಳಿ ಬಸ್ಸಿನ ಟೈರೇ ಸಿಡಿಯಿತು ಅಂದುಕೊಂಡು ಒಳಗಿದ್ದವರೆಲ್ಲ ಗಂಟುಮೂಟೆ ಸಮೇತ ಇಳಿದುಬಿಟ್ಟರು. ಡ್ರೈವರ್ ಸುತ್ತ ಹೋಗಿ ಒಂದೊಂದೇ ಟೈರನ್ನು ಒದ್ದು ನೋಡಿ, ಎಲ್ಲ ಸರಿ ಇದೆ, ಹತ್ತಿ ಅಂದ. ಎಲ್ಲರೂ ಹತ್ತಿದರು, ಒಬ್ಬ ಅಜ್ಜಿ ಮಾತ್ರ ಹತ್ತಲಿಲ್ಲ.

"ಹತ್ತಜ್ಜಿ, ಯಾವ ಟೈರೂ ಹೋಗಿಲ್ಲ" ಎಂದ ಕಂಡಕ್ಟರ್.

"ಢಂ ಅಂದಿದ್ದ ನನ್ ಕಿವಿಯಾರ ಕೇಳೀನಿ ಕಣಪ್ಪ. ಹೋಗಿರೋ ಟೈರ್ ಯಾವ್ದು ಅಂತ ತೋರ್ಸು, ಧೈರ್ಯವಾಗಿ ಹತ್ತೀನಿ."

ಬೆಳ್ಳಗಿರೋ ಅಂಟು

ಆ ಅಂಟು ಬೇಸಿಗೆಗೆ ಒಣಗುತ್ತದೆ, ವರ್ಷಕ್ಕೆ ಒಂದೆರಡು ಸಲ ಮತ್ತೆ ತುಂಬಬೇಕು. ಮೇಷ್ಟ್ರನ್ನು ನೋಡಿ ತಾವೂ ಟ್ಯೂಬ್‌ಲೆಸ್ ಹಾಕಿಸಿಕೊಂಡಿದ್ದ ದಂಡಿನಶಿವರದ ತೋಟದ ಯಜಮಾನರೊಬ್ಬರಿಗೆ ಇದನ್ನು ಹೇಳಿ ಬಾಟಲಿ ಕೊಡಲು ಹೋದೆ. ಅವರು ಒಂದು ತೊಟ್ಟನ್ನು ಬೆರಳಿಗೆ ಹಚ್ಚಿಕೊಂಡು, ಮೂಸಿ, ಉಜ್ಜಿ ನೋಡಿದರು.

"ಬೆಳ್ಳಗೈತೆ, ಮಂದಗೈತೆ. ಇದನ್ನೂ ಕೊಂಡ್ಕೊಬೇಕೇನ್ಲಾ? ನಮ್ ತೋಟದಾಗೆ ಇದರಪ್ಪನಂಥದ್ದು ಐತೆ" ಅಂತ ಬಾಟಲಿ ವಾಪಸ್ ಇಟ್ಟು ಹೊರಟುಹೋದರು.

ವಾರ ಕಳೆದು ಸೈಕಲ್ ತಳ್ಳಿಕೊಂಡು ಬಂದರು. ಹಿಂದಿನ ಟೈರು ಅರ್ಧ ಇರಲೇ ಇಲ್ಲ.

"ನಾಯಿ ಕಚ್ತಾ ಯಜಮಾನ್ರೇ?"

"ಇಲಿ ಕಣ್ಲಾ."

ಆಗಿದ್ದಿಷ್ಟು. ಯಜಮಾನರು ಮನೆಗೆ ಹೋಗಿ, ಚೆನ್ನಾಗಿ ಬಲಿತ ಕಾಯಿ ತುರಿದು, ರುಬ್ಬಿ, ಹಾಲು ಹಿಂಡಿ ಟೈರಿನೊಳಗೆ ತುಂಬಿದ್ದರು. ಆಮೇಲೆ ಸೈಕಲನ್ನು ಕೊಬ್ಬರಿ ಮೂಟೆ ಇಟ್ಟಿದ್ದ ಕೋಣೆಯಲ್ಲಿ ನಿಲ್ಲಿಸಿದ್ದರು. ಹಾಲು ಹಳಸಿ ಘಮ್ಮೆಂದಿತು. ಊರ ಇಲಿಗಳೆಲ್ಲ ಬಂದು ಟೈರಿಗೆ ಮುತ್ತಿಕೊಂಡವು. ನಾನು ಹಣೆ ಚಚ್ಚಿಕೊಂಡೆ. ಯಜಮಾನರ ಮುಖದಲ್ಲಿ ಮಾತ್ರ ಮದುವೆ ಮನೆ ಕಳೆ.

"ಟೈರ್ ಹೋದ್ರೂ ನಗ್ತಿದೀರಲ್ಲ?"

"ಬುಡು ಅತ್ಲಾಗೆ. ಬೋನು ಇಟ್ಟೆ, ಬೆಕ್ಕು ಸಾಕ್ದೆ, ಆ ಇಲಿ ಕಾಟ ನಿಲ್ಸಕ್ಕಾಗಿರಲಿಲ್ಲ. ಈಗ ನೋಡು, ಒಂದು ಕೊಬ್ರೀನೂ ಮುಟ್ಟಿಲ್ಲ. ಹಳೇ ಟೈರ್ ಇದ್ರೆ ಒಂದು ನಾಕು ಕೊಡು, ಮೂಲೆಗೊಂದು ಹಾಲು ಹುಯ್ದು ಇಡ್ತೀನಿ."

ಒಂದು ತೂತಿಗಾಗಿ

ಮೇಷ್ಟ್ರ ಸೈಕಲ್ಲಿಗೆ ನಿಜವಾಗಿಯೂ ಪಂಕ್ಚರ್ ಆಗಲಿಲ್ಲ. ತಿಂಗಳುಗಟ್ಟಲೆ ಅವರು ಅಂಗಡಿ ಕಡೆ ಕೈ ಬೀಸಿಕೊಂಡು ಹೋಗುವುದೇ ಆಯಿತು. ನನಗೆ ಸಂಕಟ. ಅವರ ಬೀದಿಯವರೂ ಇದನ್ನೇ ಹಾಕಿಸಿಕೊಂಡರೆ ಮುಂದೇನು ಅನ್ನುವ ಭಯ ಒಂದು ಕಡೆ. ಮೇಷ್ಟ್ರಿಲ್ಲದೆ ಸಂಜೆಗಳು ಸಪ್ಪೆಯಾದವು ಅನ್ನುವುದು ಇನ್ನೊಂದು ಕಡೆ.

ಆದರೆ ಮೇಷ್ಟ್ರ ಸಂಕಟ ನನ್ನದಕ್ಕಿಂತ ದೊಡ್ಡದು ಅಂತ ಆಮೇಲೆ ಗೊತ್ತಾಯಿತು. ಮನೆಯಲ್ಲಿ ಅವರಿಗೆ ಬೋಂಡ ಬಂದ್, ಟೀಗೆ ಸಕ್ಕರೆ ಬಂದ್. ಬೀದಿಯ ಮಿಕ್ಕ ಗಂಡಸರ ಹಾಗೇ ಅವರೂ ಪಂಕ್ಚರ್ ನೆಪದಲ್ಲಿ ನನ್ನ ಬೆಂಚಿನ ಮೇಲೆ ಕೂತು ಪಕ್ಕದಂಗಡಿಯಿಂದ ಎರಡನ್ನೂ ತರಿಸಿಕೊಳ್ಳುತ್ತಿದ್ದರು. ಪಂಕ್ಚರ್ ಹೋದ ಮೇಲೆ ಆ ಸುಖವೂ ಹೋಗಿತ್ತು.

ಒಂದು ಸಂಜೆ ತಡೆಯಲಾರದೆ ಬಂದು ಕೂತೇಬಿಟ್ಟರು. ತಟ್ಟೆ ಬೋಂಡ ಮುಗಿಯುವ ಹೊತ್ತಿಗೆ ಮನೆಯಿಂದ ಫೋನು.

"ಎಲ್ಲಿದ್ದೀರಿ?"

ಹಳೇ ರೂಢಿ, ಬಾಯಿ ತಾನಾಗೇ ಆಡಿಬಿಟ್ಟಿತು: "ಪಂಕ್ಚರ್ ಕಣೇ, ಸೈಕಲ್ ಶಾಪ್‌ನಲ್ಲಿದ್ದೀನಿ."

"ಪಂಕ್ಚರೇ ಆಗಲ್ಲ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದ್ರಲ್ಲ? ಅಲ್ಲೇ ಇರಿ, ಸ್ಕೂಟರ್‌ನಲ್ಲಿ ಬತ್ತೀನಿ. ಆ ತೂತು ನಾನೂ ನೋಡ್ಬೇಕು."

ಮೇಷ್ಟ್ರು ಬೆವೆತುಹೋದರು. ಡಾಕ್ಟರು ಹೇಳಿದ್ದು ಆವತ್ತೇ ಸರಿಯಾಗಿ ನೆರವೇರಿದ್ದು. "ಒಂದು ಪಂಕ್ಚರ್ ಮಾಡಿಕೊಡಯ್ಯ, ನಿನ್ನ ದಮ್ಮಯ್ಯ ಅಂತೀನಿ!"

"ವಾಲ್ವ್ ಬಿಚ್ಚಿ ಗಾಳಿ ಬಿಡ್ಲಾ ಸಾ?"

"ಅಷ್ಟಕ್ಕೆ ಬಿಡೋಳಲ್ಲ ಅವಳು. ತೂತು ತೋರಿಸಿ ಅಂತಾಳೆ."

ಪಂಕ್ಚರ್ ಮುಚ್ಚಿ ಮುಚ್ಚಿಯೇ ತಲೆ ನರೆತ ನಾನು ಅಂದು ಮೊದಲ ಸಲ ತೂತು ಕೊರೆಯಲು ಕೂತೆ. ಜಾಲಿ ಮುಳ್ಳು ಚುಚ್ಚಿದೆ. ಬಿಳಿ ಅಂಟು ಚಿರ್ರೆಂದು ಮೇಷ್ಟ್ರ ಅಂಗಿಗೆ ಹಾರಿತು, ತೂತು ಮುಚ್ಚಿಕೊಂಡಿತು. ಮೊಳೆ ಚುಚ್ಚಿದೆ. ನನ್ನ ಮುಖಕ್ಕೆ ಹಾರಿತು, ಮುಚ್ಚಿಕೊಂಡಿತು. ಮೇಷ್ಟ್ರು ದಬ್ಬಣ ಕಿತ್ತುಕೊಂಡು, ಹಲ್ಲು ಕಚ್ಚಿ, ಹಗೆ ಸಾಧಿಸುವವರ ಹಾಗೆ ಚುಚ್ಚಿದರು. ಅದೂ ಮುಚ್ಚಿಕೊಂಡಿತು. ತಲೆ ಎತ್ತಿದರೆ ಸ್ಕೂಟರ್ ನಿಂತಿದೆ.

ಮೇಷ್ಟ್ರ ಮನೆಯವರು ದಬ್ಬಣ ನೋಡಿದರು, ಗಂಡನ ಅಂಗಿ ನೋಡಿದರು. ಆಮೇಲೆ ಬಗ್ಗಿ ಹೆಬ್ಬೆರಳಿನಲ್ಲಿ ಟೈರು ಒತ್ತಿದರು. ಕಲ್ಲಿನ ಹಾಗಿತ್ತು.

"ಇಷ್ಟು ಚುಚ್ಚಿದ್ರೂ ಗಾಳಿ ಹೋಗ್ಲಿಲ್ವಾ ಅಣ್ಣ?"

"ಇಲ್ಲಕ್ಕ" ಅಂದೆ.

"ಬಾಳ ಒಳ್ಳೆ ಟೈರು" ಎಂದು, ಗಂಡನ ಕಡೆ ತಿರುಗಿದರು. "ಬಾಯಿ ಒರೆಸ್ಕೊಳ್ಳಿ, ಚಟ್ನಿ ಮೆತ್ಕೊಂಡಿದೆ."

ಮುಂದಿನ ಭಾನುವಾರ ಬೆಳಗ್ಗೆ ಬಾಗಿಲು ತೆಗೆದರೆ ಆ ಬೀದಿಯ ಹೆಂಗಸರೆಲ್ಲ ಹೊಸ ಟೈರು ತರಿಸಿಕೊಂಡು, ಗಂಡಂದಿರ ಸೈಕಲ್ ತಳ್ಳಿಕೊಂಡು ಬಂದು ನಿಂತಿದ್ದಾರೆ! ಟ್ಯೂಬ್‌ಲೆಸ್ ಹಾಕಿಸಿದರೆ ಲಾಭವೋ, ಬರೀ ತಾಪತ್ರಯವೋ ಅಂತ ಒಬ್ಬರೂ ಕೇಳಲಿಲ್ಲ. ಊಟಕ್ಕೂ ಏಳದಷ್ಟು ಕೆಲಸ. ಮಾಡುತ್ತಾ ಮಾಡುತ್ತಾ ಖುಷಿಯೂ ಆಯಿತು, ದಿಗಿಲೂ ಆಯಿತು. ಇವತ್ತು ಇಷ್ಟೂ ಹಾಕಿಬಿಟ್ಟರೆ ನಾಳೆಯಿಂದ ಪಂಕ್ಚರಿಗೆ ಯಾರು ಬರುತ್ತಾರೆ?

ಸೋಮವಾರ ಸಂಜೆ ಹಿಂಬಾಗಿಲು ಮೆಲ್ಲಗೆ ತಟ್ಟಿದ ಸದ್ದಾಯಿತು. ಮುಂದೆ ಮೇಷ್ಟ್ರು, ಅವರ ಹಿಂದೆ ಬೀದಿಯ ಗಂಡಸರೆಲ್ಲ ಸೈಕಲ್ ಹಿಡಿದು ಸಾಲಾಗಿ ನಿಂತಿದ್ದರು.

"ಈ ಟೈರು ಹಿಂಗೇ ಇರಲಿ ಕಣಯ್ಯ" ಎಂದು ಮೇಷ್ಟ್ರು ಪಿಸುಗುಟ್ಟಿದರು. "ಯಾರಿಗೂ ಗೊತ್ತಾಗ್ದಂಗೆ ಒಳಗೊಂದು ಟ್ಯೂಬ್ ಹಾಕ್ಬಿಡು."

ಹೋದ ಜೀವ ಬಂದ ಹಾಗಾಯಿತು. "ಹೊಸ ಸ್ಟಾಕ್ ಬಂದದೆ ಸಾ, ಒಳ್ಳೇದೇ ಹಾಕ್ತೀನಿ!"

ಸಾಲಿಗೆ ಸಾಲೇ ಗಾಬರಿಯಾಗಿ ಕೈ ಅಡ್ಡ ಹಿಡಿಯಿತು.

"ಒಳ್ಳೇದು ಬ್ಯಾಡ ಕಣಪ್ಪ! ಆಗ್ಲೇ ತೂತಾಗಿರೋದು ಇದ್ರೆ ನೋಡು."