ಲೋಹದ ರಾಕ್ಷಸನಿಗೆ ನಾನು ಕೊಟ್ಟ ಉತ್ತರ

ಬಾಯಿ ಮುಚ್ಚಿ ಕುಳಿತುಕೊಳ್ಳುವುದೂ ಒಂದು ವಿದ್ಯೆ. ಅದು ನನಗೆ ಒಲಿದಿಲ್ಲ. ವಾರಕ್ಕೆ ಆರು ದಿನ ಶಾಲೆಯಲ್ಲಿ ಸಂಸ್ಕೃತ ಪಾಠ, ಏಳನೆಯ ದಿನ ತಾಳಮದ್ದಳೆಯಲ್ಲಿ ಅರ್ಥಗಾರಿಕೆ. ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಪದ ಹೇಳಿ ಮುಗಿಸಿದರೆ ಪಂಚೆ ಉಟ್ಟು ಕುಳಿತ ನಾವು ಗಂಟೆಗಟ್ಟಲೆ ವಾದಿಸಬೇಕು. ಎದುರಾಳಿ ಎಸೆದ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಮಾನ ಹೋಯಿತೆಂದೇ ಲೆಕ್ಕ. ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಯಿತೆಂದು ಹೇಳಲೂ ನನಗೆ ಪೀಠಿಕೆ ಬೇಕು ಎಂದು ಹೆಂಡತಿಯ ದೂರು. ಪೀಠಿಕೆ ಮುಗಿಯುವಷ್ಟರಲ್ಲಿ ಅವಳು ತಟ್ಟೆ ತೊಳೆದಿರುತ್ತಾಳೆ.

ಇಷ್ಟು ಮಾತನಾಡುವ ನನ್ನನ್ನು ಕೇಳಲು ಮಗಳು ಮೇಧಾ ಒಮ್ಮೆಯೂ ಬಂದವಳಲ್ಲ. ಊರವರು "ನಿಮ್ಮ ಅರ್ಥ ಭಾರೀ ಲಾಯ್ಕಾಯ್ತು" ಎನ್ನುವಾಗೆಲ್ಲ, ಇವಳೂ ಒಮ್ಮೆ ಕೇಳಬಾರದೇ ಎನಿಸುತ್ತಿತ್ತು. ಪಿಯುಸಿ ಓದುವ ಅವಳಿಗೂ ರಾಕ್ಷಸರೆಂದರೆ ಇಷ್ಟವೇ. ಆದರೆ ಅವಳ ರಾಕ್ಷಸರು ಕಾರ್ಟೂನಿನಲ್ಲಿ ಹುಟ್ಟಿ, ವಿಡಿಯೋ ಗೇಮಿನಲ್ಲಿ ಬೆಳೆದು, ಈಗ ಸಿನಿಮಾಕ್ಕೆ ಬಂದವರು. ಅಂಥದ್ದೊಂದು ಕನ್ನಡಕ್ಕೆ ಡಬ್ ಆಗಿ ಮಾಲಿಗೆ ಬಂದಾಗ ಅವಳೇ ಒಂದು ಕರಾರು ಮುಂದಿಟ್ಟಳು.

"ಅಪ್ಪ, ನೀವು ನಮ್ಮೊಟ್ಟಿಗೆ ಪಿಕ್ಚರಿಗೆ ಬನ್ನಿ. ನಾನು ಭಾನುವಾರ ನಿಮ್ಮ ತಾಳಮದ್ದಳೆಗೆ ಬರ್ತೇನೆ. ಆದ್ರೆ ಒಳಗೆ ಒಂದು ಮಾತೂ ಆಡ್ಲಿಕ್ಕಿಲ್ಲ. ನನ್ನ ಫ್ರೆಂಡ್ಸ್ ಇರ್ತಾರೆ."

"ಎಂತ, ನಾನು ಅಷ್ಟು ಮಾತಾಡ್ತೇನಾ?" ಎಂದೆ. ಅಡುಗೆಮನೆಯಲ್ಲಿ ಹೆಂಡತಿ ಕೆಮ್ಮಿದಳು.

ಕಥೆ ಇಷ್ಟೇ. ಆಕಾಶಕ್ಕೆ ತೂತು ಬೀಳುತ್ತದೆ, ಲೋಹದ ರಾಕ್ಷಸ ಇಳಿಯುತ್ತಾನೆ, ಭೂಮಿಯ ನಾಶಕ್ಕೆ ನಲವತ್ತು ನಿಮಿಷ ಉಳಿದಿರುತ್ತದೆ. ಭೂಮಿ ಎಂದರೆ ಅಮೆರಿಕದ ಒಂದು ಪೇಟೆ. ಶಾಲೆಯ ದಾರಿಯ ಕೂಳೂರು ಸೇತುವೆಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ನಾನು ಶಾಲೆಗೆ ರಜೆ ಹಾಕಬೇಕಾಗುತ್ತದೆ. ಅಲ್ಲಿ ಇಪ್ಪತ್ತು ಸೇತುವೆ ಮುರಿದರೂ ನಾಯಕ ಎಲ್ಲಿಗೂ ತಡವಾಗಿ ಹೋಗುವುದಿಲ್ಲ. ಒಮ್ಮೆ ಸತ್ತ ನಾಯಕ ಮತ್ತೆ ಎದ್ದು ಬಂದ. ನನ್ನ ಮುಖ ನೋಡಿ ಮೇಧಾ, "ಗೇಮಲ್ಲಿ ಅವನಿಗೆ ಮೂರು ಲೈಫ್ ಉಂಟು" ಎಂದು ಪಿಸುಗುಟ್ಟಿದಳು. ಬಾಯಿಗೆ ಬಂದ ಮಾತನ್ನು ಪಾಪ್‌ಕಾರ್ನಿನೊಂದಿಗೆ ನುಂಗಿದೆ. ಹೀಗೆ ಆ ನಲವತ್ತು ನಿಮಿಷ ಮುಗಿಯದೆಯೇ ಒಂದೂವರೆ ಗಂಟೆ ಕಳೆಯಿತು. ಪಾಪ್‌ಕಾರ್ನ್ ಮುಗಿಯಿತು.

ಆಗಲೇ ಆ ರಾಕ್ಷಸ ನೇರವಾಗಿ ನನ್ನತ್ತ ತಿರುಗಿ ಕೇಳಿದ: "ಈ ಭೂಮಿ ನನ್ನದು. ಅಲ್ಲವೆನ್ನುವವರು ಯಾರಿದ್ದೀರಿ?"

ಸಂಗೀತ ನಿಂತಿತು. ಪ್ರಶ್ನೆಯೊಂದು ಹಾಗೆ ಅನಾಥವಾಗಿ ಬಿದ್ದಿರುವುದನ್ನು ಇಪ್ಪತ್ತೈದು ವರ್ಷ ಅರ್ಥ ಹೇಳಿದವನು ಹೇಗೆ ಸಹಿಸಲಿ? ನನಗೆ ತಿಳಿಯುವ ಮೊದಲೇ ಎದ್ದು ನಿಂತಿದ್ದೆ. "ಭೂಮಿ ನಿನ್ನದು ಹೇಗಾಯಿತಯ್ಯಾ? ದಾನವಾಗಿ ಬಂತೋ, ದಾಯವಾಗಿ ಬಂತೋ, ಕ್ರಯಕ್ಕೆ ಕೊಂಡದ್ದೋ?"

ಹಿಂದಿನ ಸಾಲಿನಿಂದ ಒಬ್ಬರು, "ಕೂತ್ಕೊಳ್ಳಿ ಮಾರಾಯ್ರೆ, ಅವನಿಗೆ ಕೇಳುದಿಲ್ಲ" ಎಂದರು. ಇಡೀ ಹಾಲ್ ನಕ್ಕಿತು. ತೆರೆಯ ಮೇಲೆ ನಾಯಕ "ಮುಗೀತು" ಎಂದಷ್ಟೇ ಹೇಳಿ, ದಾಖಲೆಯನ್ನೂ ಕೇಳದೆ ರಾಕ್ಷಸನನ್ನು ಸುಟ್ಟುಬಿಟ್ಟ.

ಮನೆಗೆ ಮರಳುವ ವಾಮಂಜೂರಿನ ಬಸ್ಸಿನಲ್ಲಿ ಮೇಧಾ ನನ್ನ ಪಕ್ಕ ಕೂರಲಿಲ್ಲ. ಇಳಿಯುವಾಗ, "ಭಾನುವಾರ ನಾನು ಬರುದಿಲ್ಲ" ಎಂದಳು. ತಪ್ಪು ನನ್ನದೇ. ಆದರೂ ತುಂಬ ಬೇಸರವಾಯಿತು.

ಭಾನುವಾರ ಮಧ್ಯಾಹ್ನ ಬಂದರಿನ ಹತ್ತಿರದ ಸಭಾಭವನದಲ್ಲಿ ಕೂಟ. ನನ್ನದು ಮೂರು ಲೋಕ ಗೆದ್ದ ರಾಕ್ಷಸನ ಪಾತ್ರ. ಎದುರಾಳಿ ನಯವಾಗಿ ಕೇಳಿದರು: "ಇಷ್ಟೆಲ್ಲ ಗೆದ್ದೆಯಲ್ಲ, ನಿನ್ನ ಮನೆಯವರು ನಿನ್ನನ್ನು ಮೆಚ್ಚಿದರೋ?" ಅರ್ಧ ಗಂಟೆಗಾಗುವಷ್ಟು ಉತ್ತರ ನನ್ನಲ್ಲಿತ್ತು. ತಲೆ ಎತ್ತಿದರೆ ಬಾಗಿಲಲ್ಲಿ ಮೇಧಾ, ಜತೆಗೆ ಇಬ್ಬರು ಗೆಳತಿಯರು.

"ಇಲ್ಲ" ಎಂದೆ. ಅಷ್ಟೇ. ಭಾಗವತರು ಕಾದರು, ನನ್ನ ಮುಖ ನೋಡಿದರು, ಮುಂದಿನ ಪದಕ್ಕೆ ಹೋದರು.

ಮಾನ ಕಳೆದುಕೊಂಡು ಬಸ್ಸು ಹತ್ತಿದರೆ ಮೇಧಾ ಪಕ್ಕದಲ್ಲೇ ಬಂದು ಕುಳಿತಳು. "ಪಿಕ್ಚರಲ್ಲಿ ನೀವು ಎದ್ದು ಮಾತಾಡಿದ್ದು ಫ್ರೆಂಡ್ಸಿಗೆ ಲಾಯ್ಕಾಯ್ತಂತೆ, ಒತ್ತಾಯ ಮಾಡಿದ್ರು, ಬಂದೆ. ಅಪ್ಪ, ನೀವು ಆ 'ಇಲ್ಲ' ಹೇಳಿದ್ರಲ್ಲ, ನಂಗೆ ಕಣ್ಣಲ್ಲಿ ನೀರು ಬಂತು."

ನನಗೆ ಸ್ವರ್ಗ ಮೂರೇ ಗೇಣು. ಆ ಒಂದು ಮಾತಿನ ಹಿಂದೆ ಎಷ್ಟು ಅರ್ಥವಿತ್ತೆಂದು ಅವಳಿಗೆ ವಿವರಿಸತೊಡಗಿದೆ. ಎರಡು ಸ್ಟಾಪ್ ದಾಟುವಷ್ಟರಲ್ಲಿ ಅವಳು ನಿದ್ದೆ ಹೋಗಿದ್ದಳು.